ಬದಲಿ ಇಲ್ಲದ ಡ್ಯೂಟಿ

ಒಬ್ಬ ಬಸ್ ಡ್ರೈವರಣ್ಣನಿದ್ದ. ಬಸ್ಸು ತನ್ನ ಮನೆ ಮುಂದೆ ಹಾದುಹೋಗುವಾಗಲೆಲ್ಲ ಹಾರ್ನ್ ಹೊಡೆಯುತ್ತಿದ್ದ. ಹೆಂಡತಿ ಕಿಟಕಿಗೆ ಬಂದು ಕೈ ಎತ್ತಬೇಕು. ಮನೆಯಲ್ಲಿರುವ ಅವನ ಅಪ್ಪ ಚೆನ್ನಾಗಿದ್ದಾರೆ ಎಂದು ಅದರ ಅರ್ಥ. ಡ್ರೈವರಣ್ಣ ಅದಕ್ಕೆ ಇನ್ನೊಂದು ಅರ್ಥವನ್ನೂ ಹಚ್ಚಿಕೊಂಡಿದ್ದ. ಯಾವಾಗ ನೋಡಿದರೂ ಕಿಟಕಿಯಲ್ಲೇ ಇರುತ್ತಾಳೆ, ಅಂದಮೇಲೆ ಇಡೀ ದಿನ ಆರಾಮಾಗಿ ಕೂತಿರುತ್ತಾಳೆ! ಪುಣ್ಯಾತ್ಮ, ಹಾರ್ನ್ ಹೊಡೆದು ಕರೆಯುವುದು ತಾನೇ ಎಂಬುದನ್ನು ಮರೆತೇಬಿಟ್ಟಿದ್ದ.

ಒಳಗಿನ ಕಥೆ ಬೇರೆಯೇ ಇತ್ತು. ಅವಳ ಮಾವ ಒಂದು ಕಾಲದಲ್ಲಿ ಮಗನ ಬಸ್ಸಿನ ಡಿಪೋದಲ್ಲೇ ಡ್ರೈವರುಗಳಿಗೆ ಡ್ಯೂಟಿ ಹಂಚುತ್ತಿದ್ದವರು. ಈಗ ಅವರಿಗೆ ಮರೆವಿನ ಕಾಯಿಲೆ. ಉಣ್ಣಿಸಬೇಕು, ಸ್ನಾನ ಮಾಡಿಸಬೇಕು, ಬಾಗಿಲು ತೆಗೆದು ಹೊರಟರೆ ಹಿಂದೆಯೇ ಓಡಬೇಕು. ನಡುವೆ ಅಡಿಗೆ, ಪಾತ್ರೆ, ಒದ್ದೆಯಾದ ಹಾಸಿಗೆ. ಇಷ್ಟೆಲ್ಲ ಮಾಡಿದರೂ ಮಾವನಿಗೆ ಅವಳ ಗುರುತು ಹತ್ತುತ್ತಿರಲಿಲ್ಲ.

"ಯಾರಮ್ಮ ನೀವು?"

"ನಿಮ್ಮ ಸೊಸೆ, ಮಾವ."

"ಹಾಗಾ? ಡ್ಯೂಟಿ ಮುಗಿದ್ಮೇಲೆ ಹೊರಟುಬಿಡಿ. ಮನೇಲಿ ಕಾಯ್ತಿರ್ತಾರೆ."

ಇಡೀ ದಿನ ಅವಳೊಂದಿಗೆ ಮಾತಾಡುವವರು ಅವರೊಬ್ಬರೇ. ಕಿಟಕಿಯಾಚೆ ಜನ ಹೋಗುತ್ತಿದ್ದರು, ಬರುತ್ತಿದ್ದರು. ಅವಳನ್ನು ಕೂಗುತ್ತಿದ್ದದ್ದು ಆ ಹಾರ್ನ್ ಒಂದೇ. ಅದಕ್ಕೇ ಕೈಯಲ್ಲಿ ಏನಿದ್ದರೂ ಬಿಟ್ಟು ಓಡಿಬರುತ್ತಿದ್ದಳು. ಬಸ್ಸು ಮರೆಯಾದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ನಿಲ್ಲುತ್ತಿದ್ದಳು. ಅವಳಿಗೆ ಬಹಳ ಒಂಟಿ ಅನ್ನಿಸುತ್ತಿತ್ತು.

ಒಂದು ದಿನ ಊಟ ಬಡಿಸುತ್ತ ಕೇಳಿಯೇಬಿಟ್ಟಳು. "ರೀ, ವಾರಕ್ಕೊಂದು ದಿನ ನಂಗೂ ರಜೆ ಬೇಕು. ಮಹಿಳಾ ಸಂಘಕ್ಕೆ ಹೋಗ್ಬರ್ತೀನಿ. ಯಾರ ಹತ್ರನಾದ್ರೂ ನಾಲ್ಕು ಮಾತಾಡ್ಬೇಕು ಅನ್ಸತ್ತೆ."

ಡ್ರೈವರಣ್ಣನಿಗೆ ನಗು ಬಂತು. "ಮನೇಲಿ ಸುಮ್ನೆ ಇರೋಳಿಗೆ ಎಂಥ ರಜೆ? ದುಡಿಯೋನು ನಾನು."

ಅವಳು ಮತ್ತೆ ಕೇಳಲಿಲ್ಲ. ಮಾತೂ ಕಡಿಮೆ ಮಾಡಿದಳು. ಇವನಿಗೆ ಅದು ಗೊತ್ತೂ ಆಗಲಿಲ್ಲ.

ಅದಾದ ಕೆಲವು ದಿನಕ್ಕೆ ಹಾರ್ನ್ ಹೊಡೆದರೆ ಕಿಟಕಿಯಲ್ಲಿ ಯಾರೂ ಇಲ್ಲ. ವಾಪಸು ಬರುವಾಗ ಮತ್ತೆ ಹೊಡೆದ. ಆಗಲೂ ಇಲ್ಲ. ಬಸ್ಸು ನಿಲ್ಲಿಸಿದ. ಪ್ರಯಾಣಿಕರು ಗೊಣಗತೊಡಗಿದರು.

"ನೀನು ಹೋಗ್ಬಾ, ಇವರನ್ನ ನಾನು ನೋಡ್ಕೋತೀನಿ," ಎಂದಳು ಕಂಡಕ್ಟರ್ ಅಕ್ಕ.

ಬಚ್ಚಲಲ್ಲಿ ಅಪ್ಪ ಜಾರಿದ್ದರು. ಅವರನ್ನು ಹಿಡಿಯಲು ಹೋಗಿ ಇವಳ ಸೊಂಟ ಹಿಡಿದುಕೊಂಡಿತ್ತು. ಒದ್ದೆ ನೆಲದಲ್ಲಿ, ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅಪ್ಪನಿಗೆ ಒಂದು ಗೀರೂ ಆಗಿರಲಿಲ್ಲ.

"ಕೂಗಬಾರ್ದಿತ್ತಾ?"

"ಕೂಗ್ದೆ. ಯಾರಿಗೆ ಕೇಳಿಸತ್ತೆ? ನಿಮ್ಮ ಹಾರ್ನ್ ನಂಗೆ ಕೇಳಿಸ್ತು. ಏಳೋಕೆ ಆಗ್ಲಿಲ್ಲ. ನೀವು ಹೋಗಿಬಿಟ್ರಿ."

ಅಪ್ಪ ಮಗನ ಡ್ರೈವರ್ ಅಂಗಿಯನ್ನೇ ನೋಡಿದರು. ಹಳೇ ಗತ್ತು ಬಂದುಬಿಟ್ಟಿತು. "ಏನಯ್ಯಾ, ಈಯಮ್ಮನಿಗೆ ಬದಲಿ ಎಲ್ಲಿ? ಬದಲಿ ಇಲ್ದೆ ಇಷ್ಟು ಹೊತ್ತು ಯಾರನ್ನಾದ್ರೂ ದುಡಿಸ್ತಾರಾ?"

ಮರುದಿನ ಬೀದಿಯವರೊಬ್ಬರನ್ನು ಸ್ವಲ್ಪ ಹೊತ್ತು ಮನೆಯಲ್ಲಿ ಕೂರಿಸಿ, ಡಿಪೋಗೆ ಬಂದ ಡ್ರೈವರಣ್ಣ ಕಂಡಕ್ಟರ್ ಅಕ್ಕನ ಮುಂದೆ ಗೋಳು ತೋಡಿಕೊಂಡ.

"ಅವಳು ಏಳಲೇಬಾರ್ದು ಅಂದಿದ್ದಾರೆ ಡಾಕ್ಟ್ರು, ಅಕ್ಕ. ಅಪ್ಪನ್ನ ನೋಡ್ಕೊಳ್ಳೋಕೆ ಜನ ವಿಚಾರಿಸ್ದೆ. ನನ್ನ ಅರ್ಧ ಸಂಬಳ ಕೇಳ್ತಾರೆ! ಅದೂ ಹಗಲು ಮಾತ್ರ. ಅಡಿಗೆಗೆ ಬೇರೆಯವರಂತೆ."

"ಮತ್ತೆ, ಅವಳು ಸುಮ್ನೆ ಇರ್ತಾಳೆ ಅಂತಿದ್ದೆ?"

ಅವನು ತಲೆ ಕೆರೆದುಕೊಂಡ. "ಆದ್ರೂ ಮನೆಗೆ ದುಡ್ಡು ತರೋನು ನಾನಲ್ವಾ?"

"ಈ ಬಸ್ಸನ್ನೇ ನೋಡು. ತೊಳೆಯೋರು, ಡೀಸೆಲ್ ಹಾಕೋರು, ಬ್ರೇಕ್ ನೋಡೋರು ಇಲ್ದೆ ಇದು ಗೇಟು ದಾಟತ್ತಾ? ಅವರ್ಯಾರೂ ಟಿಕೆಟ್ ದುಡ್ಡು ತರಲ್ಲ. ಹಾಗಂತ ಸಂಬಳ ಕೊಡಲ್ವಾ? ನೀನು ಹೊಟ್ಟೆ ತುಂಬ ಉಂಡು, ಅಪ್ಪನ ಚಿಂತೆ ಬಿಟ್ಟು ಸ್ಟೇರಿಂಗ್ ಹಿಡೀತೀಯಲ್ಲ, ಅದು ಯಾರಿಂದ? ನಿನ್ನ ಸಂಬಳದಲ್ಲಿ ಅವಳ ದುಡಿಮೆನೂ ಇದೆ ಕಣೋ. ಅವಳ ಹೆಸರಲ್ಲೂ ಉಳಿತಾಯ ಇರ್ಬೇಕು. ನಿಂಗೆ ವಾರದ ರಜೆ ಇದೆ, ಬದಲಿ ಡ್ರೈವರ್ ಇದ್ದಾನೆ. ಅವಳಿಗೆ ಯಾರಿದ್ದಾರೆ ಹೇಳು?"

ಡ್ರೈವರಣ್ಣ ರಜೆ ಚೀಟಿ ಕೇಳಲು ಎದ್ದ. ಅವನ ಕಣ್ಣು ತುಂಬಿತ್ತು.

ಅವಳ ಸೊಂಟ ವಾಸಿಯಾಗುವವರೆಗೂ ಅವನು ರಜೆ ಹಾಕಿದ. ಆಮೇಲೆ ಸಂಬಳದ ಒಂದು ಪಾಲು ಅವಳ ಖಾತೆಗೆ ಹೋಗತೊಡಗಿತು. ತನ್ನ ವಾರದ ರಜೆಯ ದಿನ ಅವನು ಮನೆಯಲ್ಲೇ ಉಳಿದ. ಅವಳು ಚಪ್ಪಲಿ ಮೆಟ್ಟಿ ಸಂಘಕ್ಕೆ ಹೊರಟಳು. ಯಾರಾದರೂ ವಾಪಸು ಕರೆದಾರೇನೋ ಎಂದು ಬೀದಿಯ ತಿರುವಿನಲ್ಲಿ ಒಮ್ಮೆ ಹಿಂದೆ ನೋಡಿದಳು. ಯಾರೂ ಕರೆಯಲಿಲ್ಲ.

ಮಧ್ಯಾಹ್ನ ಅವನದೇ ಬಸ್ಸಿನ ಸದ್ದು ಕೇಳಿಸಿತು. ಅಪ್ಪನ ಬಾಯಿ ಒರೆಸುತ್ತಿದ್ದವನು ಎದ್ದು ಕಿಟಕಿಗೆ ಓಡಿ, ಒದ್ದೆ ಕೈ ಎತ್ತಿದ. ಓಡಿಸುತ್ತಿದ್ದವನು ಬದಲಿ ಡ್ರೈವರು. ಅವನು ಹಾರ್ನ್ ಹೊಡೆಯಲಿಲ್ಲ, ಈ ಕಡೆ ತಿರುಗಿಯೂ ನೋಡಲಿಲ್ಲ. ಬಸ್ಸು ಹೋಯಿತು. ತನ್ನ ಮನೆ ಇಷ್ಟೊಂದು ಬಿಕೋ ಎನ್ನುತ್ತದೆ ಎಂದು ಡ್ರೈವರಣ್ಣನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

"ಆ ಅಮ್ಮ ಎಲ್ಲಿ?" ಎಂದರು ಅಪ್ಪ.

"ಇವತ್ತು ರಜೆ ಅಪ್ಪ."

"ಒಳ್ಳೇದಾಯ್ತು. ನೀವ್ಯಾರು?"

ಮಗ ಒರೆಸುವ ಬಟ್ಟೆಯನ್ನು ಮತ್ತೆ ಕೈಗೆತ್ತಿಕೊಂಡ. "ನಾನು ಬದಲಿ," ಎಂದ.

ಅಣ್ಣಂದಿರೇ, ತಮ್ಮಂದಿರೇ, ನಿಮ್ಮ ಮನೆಯ ಕಿಟಕಿಯಲ್ಲಿ ಕೈ ಎತ್ತುವವರು ಯಾರು? ಯಾವ ಕೆಲಸ ಬಿಟ್ಟು ಓಡಿಬಂದರು ಎಂದು ಒಮ್ಮೆ ಒಳಗೆ ಹೋಗಿ ನೋಡಿ. 'ಸುಮ್ನೆ ಇರ್ತಾಳೆ' ಎನ್ನುವ ಮಾತನ್ನು ಇವತ್ತೇ ಬಿಡಿ. ಅವರ ಹೆಸರಿನಲ್ಲೂ ಹಣ ಕಟ್ಟಿ, ದಿನವೂ ಕೆಲಸಕ್ಕೆ ಕೈ ಜೋಡಿಸಿ. ಈ ವಾರವೇ ಒಂದು ದಿನ ಅವರಿಗೆ ಬದಲಿಯಾಗಿ ನಿಲ್ಲಿ.