ಮುಳ್ಳಿನ ಆಚೆ

ಹಳೇ ಕೋವಿ ಹಿಡಿಯುವವರಿಗೆ ಒಂದೇ ಪಾಠ: ನಳಿಗೆಯ ತುದಿಯಲ್ಲಿ ಗುರಿ ಹಿಡಿಯಲೆಂದು ಇರುವ ಮುಳ್ಳು ಕಣ್ಣಿಗೆ ಸ್ಪಷ್ಟವಾಗಿರಬೇಕು, ದೂರದ ಗುರಿ ಮಸುಕಾದರೂ ಚಿಂತೆಯಿಲ್ಲ. ಗುರಿ ಹೊಡೆಯಲು ಕಲಿಸುವ ಮೇಷ್ಟ್ರು ಮೂವತ್ತು ವರ್ಷ ಶಿಷ್ಯರಿಗೆ ಅದನ್ನೇ ಅರೆದು ಕುಡಿಸಿದ್ದರು. ಈಗ ವಯಸ್ಸಾಗಿ ಅವರಿಗೆ ಹತ್ತಿರದ್ದೆಲ್ಲ ಮಂಜು. ಅಂದು ಬೆಳಗ್ಗೆ ಮೈದಾನದಲ್ಲಿ ಬೋರಲು ಮಲಗಿ, ಹೊಳೆಯದಿರಲೆಂದು ಮೇಣದಬತ್ತಿಯ ಮಸಿ ಹಿಡಿಸಿದ್ದ ಮುಳ್ಳನ್ನು ನೋಡಿದರೆ, ಅದು ಹೊಗೆಯಂತೆ ಕರಗಿ, ಗುರಿಹಲಗೆಯ ಹಿಂದಿನ ಮಣ್ಣುದಿಬ್ಬ ಕಣ್ಣೆದುರು ತೇಲಿ ಬಂತು. ದಿಬ್ಬದ ನೆತ್ತಿಯ ತುಂಬ ಹಳದಿ ಹೂ ತೂಗುತ್ತಿತ್ತು. ಪುಣ್ಯಾತ್ಮ ಗುಂಡು ಹಾರಿಸುವುದನ್ನೇ ಮರೆತರು.

ಹಲಗೆಯ ತೂತುಗಳಿಗೆ ಕಾಗದ ಅಂಟಿಸುವ ಕೆಲಸ ಹೆಂಡತಿಯದು. ಅವಳು ಅಂಟಿನ ಡಬ್ಬಿ ಹಿಡಿದು ಬಂದಾಗ ಕೇಳಿದರು: "ಅಲ್ಲಿ ಹೂ ಯಾವಾಗ ಬಂತೇ?"

"ಮದುವೆಯಾದ ವರ್ಷದಿಂದ ನೆಡ್ತಾ ಇದ್ದೀನಿ," ಎಂದಳು ಅವಳು, "ನಿಮಗೆ ಕಾಣಲಿ ಅಂತ."