ದಾಳ ನಿಲ್ಲುವ ಮೊದಲೇ

"ಎರಡು! ರಾಕ್ಷಸನ ಏಟು ತಪ್ಪೋಯ್ತು, ನೀನು ಬಚಾವ್," ಎಂದು ಅಕ್ಕ ಕೂಗಿದಾಗ ದಾಳ ಇನ್ನೂ ಉರುಳುತ್ತಿತ್ತು.

ಅದು ಅವಳ ಮುಂದಿದ್ದ ರಟ್ಟಿನ ಮರೆಗೆ ಬಡಿದು, ಸಂದಿಯಲ್ಲಿ ನುಸುಳಿ, ನನ್ನ ಲೋಟದ ಪಕ್ಕ ಬಂದು ನಿಂತಿತು. ಇಪ್ಪತ್ತು ಮುಖದ ದಾಳ. ಮೇಲೆ ಕಂಡದ್ದು ಹತ್ತೊಂಬತ್ತು.

ಭಾನುವಾರ ಮಧ್ಯಾಹ್ನ ಅಕ್ಕನ ಊಟದ ಮೇಜಿನ ಮೇಲೆ ನಾವು ಆಡುವ ಆಟ ಇದು. ಕತೆ ನಡೆಸುವವಳು ಅಕ್ಕ. ಗುಹೆ, ಸೇತುವೆ, ರಾಕ್ಷಸ ಎಲ್ಲ ಅವಳ ಬಾಯಲ್ಲೇ ಹುಟ್ಟುತ್ತವೆ. ಅದರೊಳಗೆ ಹೊಕ್ಕು ಬಡಿದಾಡುವವರು ನಾನು, ಭಾವ, ಎದುರುಮನೆಯ ಪ್ಲಂಬರ್. ಸಾವು ಬದುಕು ದಾಳದ ಪಾಲಿಗೆ: ದೊಡ್ಡ ಅಂಕ ಬಿದ್ದರೆ ಏಟು ತಗಲುತ್ತದೆ, ಚಿಕ್ಕದಾದರೆ ತಪ್ಪುತ್ತದೆ. ರಾಕ್ಷಸರ ದಾಳವನ್ನು ಮಾತ್ರ ಅಕ್ಕ ನಮಗೆ ಕಾಣದಂತೆ ರಟ್ಟಿನ ಹಿಂದೆ ಹಾಕುತ್ತಾಳೆ.

ನನ್ನ ಪಾತ್ರ ಒಬ್ಬ ಕತ್ತಿವರಸೆಯವಳು. ನಾನೋ ಲಿಫ್ಟ್ ರಿಪೇರಿ ಮಾಡುವವಳು. ಕೆಲಸದಲ್ಲಿ ಸ್ಪ್ಯಾನರ್ ಎತ್ತಿದರೆ ಸಾಕು, "ಕೊಡಮ್ಮಾ ಇಲ್ಲಿ, ನಿನ್ನ ಕೈಲಾಗಲ್ಲ" ಎಂದು ಯಾರಾದರೂ ಕಿತ್ತುಕೊಳ್ಳುತ್ತಾರೆ. ಆಟದಲ್ಲಿ ಇವಳ ಕತ್ತಿಯನ್ನು ಯಾರೂ ಕಿತ್ತುಕೊಂಡಿರಲಿಲ್ಲ. ಇವಳು ದಾಟಿದ ಒಂದೊಂದು ಸೇತುವೆಯೂ ನಾನೇ ದಾಟಿದ್ದು ಎಂದುಕೊಂಡಿದ್ದೆ.

"ದಾಳ ನಿಲ್ಲೋಕೆ ಮುಂಚೆ ಎರಡು ಅಂತ ಹೇಗೆ ಗೊತ್ತಾಯ್ತು?"

"ಬಾಯಿ ತಪ್ಪಿ ಬಂತು ಕಣೇ."

"ಇಲ್ಲೀವರೆಗೆ ಎಷ್ಟು ಸಲ ತಪ್ಪಿದೆ ನಿನ್ನ ಬಾಯಿ?"

ಅಕ್ಕ ಚೂಪಾಗಿಯೇ ಇದ್ದ ಪೆನ್ಸಿಲನ್ನು ಹೆರೆಯತೊಡಗಿದಳು.

"ಅಕ್ಕಾ, ನನ್ನೂ ಹೀಗೇ ಉಳಿಸ್ತಿದ್ರಾ?" ಎಂದ ಪ್ಲಂಬರ್.

"ನಿನ್ನ ಯಾಕೆ ಉಳಿಸ್ಲಿ?"

"ಅಯ್ಯೋ! ಮೂರು ಸಲ ಸತ್ನಲ್ರೀ ನಾನು! ಬಾವೀಲಿ ಬಿದ್ದಾಗ, ಪ್ಲಂಬರ್ ನೀರಲ್ಲೇ ಹೋದ ಅಂತ ಎಲ್ಲಾ ಬಿದ್ದು ಬಿದ್ದು ನಕ್ಕಿದ್ರಿ!"

ಅವನ ಮೂರೂ ಸಾವಿನ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು. ಅಪ್ಪಟ ಸಾವುಗಳು. ನನ್ನ ಬದುಕು ಮಾತ್ರ ಭಿಕ್ಷೆಯದು.

"ಸೋತ್ರೆ ಊಟ ಬಿಡೋಳು ನೀನು," ಎಂದಳು ಅಕ್ಕ. "ನಿನ್ನ ಕತ್ತಿಯವಳು ಸತ್ರೆ ಇಲ್ಲಿಗೆ ಬರೋದೇ ಬಿಟ್ಬಿಡ್ತೀಯ ಅಂತ..."

"ಊಟ ಬಿಟ್ಟಾಗ ನಾನು ಒಂದನೇ ಕ್ಲಾಸು! ಈಗ ಊರ ಜನ ಹತ್ತೋ ಲಿಫ್ಟಿನ ಕೇಬಲ್ ಬಿಗಿಯೋದು ಈ ಕೈ. ಹತ್ತೊಂಬತ್ತು ಅಂದ್ರೆ ಏಟು ಬಿತ್ತು. ಎಷ್ಟು ಪ್ರಾಣ ಹೋಯ್ತು ಅಂತ ದಾಳ ಹಾಕು, ಎಲ್ಲರ ಎದುರಿಗೆ."

ರಟ್ಟನ್ನು ಎತ್ತಿ ನೆಲಕ್ಕೆ ಬಿಸಾಡಿದೆ. ನನ್ನವಳಲ್ಲಿ ಉಳಿದ ಪ್ರಾಣ ಒಂಬತ್ತು ಅಂಕ. ಅಕ್ಕ ಇನ್ನೊಂದು ದಾಳ ಉರುಳಿಸಿದಳು. ಈ ಸಲ ಅದು ನಿಲ್ಲುವವರೆಗೂ ಕಾದಳು. ಹನ್ನೊಂದು.

"ಮೂರ್ಛೆ ಹೋದ್ಳು ಅಂತ ಇಟ್ಕೊಂಡ್ರೆ..." ಎಂದರು ಭಾವ.

"ಭಾವಾ!"

"ಸತ್ಳು," ಎಂದಳು ಅಕ್ಕ. ಅವಳಿಗೂ ರೇಗಿತ್ತು. "ಸಾಕಾ?"

"ಸಾಲ್ದು. ಹೇಗೆ ಸತ್ಳು? ಬೇರೆಯವರಿಗೆ ಹೇಳೋ ಹಾಗೇ ನನಗೂ ಹೇಳು."

ಅಕ್ಕ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತಳು. ನನ್ನ ಕಣ್ಣಲ್ಲಿ ಕಣ್ಣಿಟ್ಟು, ಮಾತಲ್ಲೇ ರಾಕ್ಷಸನ ಗದೆ ಎತ್ತಿದಳು. ಒಂದು ಪಕ್ಕೆಲುಬನ್ನೂ ಬಿಡಲಿಲ್ಲ.