ಬೆಲ್ಟಿನ ಕೆಳಗಿನ ಗೆಳತಿ

ತಮ್ಮನ ಮನೆಗೆ ಬಂದ ಮೇಲೆ ದೇವಕಮ್ಮನಿಗೆ ದಿನಾ ಒಂದೇ ಮಾತು ಕೇಳಬೇಕಾಗುತ್ತಿತ್ತು. "ಅಕ್ಕಾ, ಸ್ವಲ್ಪ ಸಣ್ಣಗ ಮಾತಾಡ್ರಿ. ಕೂಸು ಮಲಗೈತಿ," ಎನ್ನುತ್ತಿದ್ದಳು ತಮ್ಮನ ಹೆಂಡತಿ ಯಶೋಧರಾ. ತನ್ನ ದನಿ ಎಷ್ಟು ದೊಡ್ಡದೆಂದು ದೇವಕಮ್ಮನಿಗೇ ತಿಳಿಯುತ್ತಿರಲಿಲ್ಲ.

ಗಂಡ ತೀರಿಕೊಂಡ ವರ್ಷವೇ ಅವಳು ವನದುರ್ಗ ಬಿಟ್ಟು ನದಿ ದಂಡೆಯ ಥರ್ಮಲ್ ವಿದ್ಯುತ್ ಸ್ಥಾವರದಲ್ಲಿ ಗುತ್ತಿಗೆ ಕೆಲಸಕ್ಕೆ ಹೋಗಿದ್ದಳು. ಕಲ್ಲಿದ್ದಲು ಸಾಗಿಸುವ ಬೆಲ್ಟಿನ ಕೆಳಗೆ ಬಿದ್ದ ಪುಡಿ ಬಳಿಯುವುದು ಅವಳ ಕೆಲಸ. ಬೆಲ್ಟಿನ ಗದ್ದಲವೇ ಅವಳ ಕಿವಿ ತಿಂದು ಮಂದ ಮಾಡಿತ್ತು. ಜೊತೆಗಿದ್ದವಳು ಸುರಪುರದ ಗೌಹರಬೇಗಂ, ಅವಳೂ ವಿಧವೆ. ಬೆಲ್ಟಿನ ಕೆಳಗೆ ಬಾಯಿ ಮಾತು ನಡೆಯುವಂತಿರಲಿಲ್ಲ. ಹಸಿವು, ಮೇಸ್ತ್ರಿ ಬಂದ, ನಿನ್ನ ಮೂಗು ಕರ್ರಗಾಗೈತಿ, ಎಲ್ಲವನ್ನೂ ಇಬ್ಬರೂ ಕೈಯಲ್ಲೇ ಹೇಳಿಕೊಳ್ಳುತ್ತಿದ್ದರು. ಇರುತ್ತಿದ್ದದ್ದೂ ಒಂದೇ ಖೋಲಿಯಲ್ಲಿ.

ಹಗಲೆಲ್ಲ ಬಿಸಿಲಿನ ಕರೆಂಟು ಬರತೊಡಗಿದ ಮೇಲೆ ಥರ್ಮಲ್‌ನ ಘಟಕಗಳು ಒಂದೊಂದಾಗಿ ನಿಂತವು. ಕಾಯಂ ನೌಕರರಿಗೆ ಬೇರೆ ಊರಿಗೆ ವರ್ಗವಾಯಿತು. ಗುತ್ತಿಗೆಯವರಿಗೆ ಮೇಸ್ತ್ರಿ ಗೇಟಿನಲ್ಲೇ, "ನಾಳಿಂದ ಬರಬ್ಯಾಡ್ರಿ," ಅಂದ. ಇಬ್ಬರೂ ಗಂಟು ಕಟ್ಟಿಕೊಂಡು ಒಂದೇ ಬಸ್ಸು ಹತ್ತಿದರು. ತಮ್ಮನ ಊರಾದ ಶಹಾಪುರದಲ್ಲಿ ದೇವಕಮ್ಮ ಇಳಿದಳು. ಬಸ್ಸು ಗೌಹರಬೇಗಂಳನ್ನು ಕರೆದುಕೊಂಡು ಮುಂದೆ ಹೋಯಿತು.

ಈಗ ದೇವಕಮ್ಮನಿಗೆ ಶಹಾಪುರದ ಹತ್ತಿರ ಸೋಲಾರ್ ಪ್ಲೇಟು ತೊಳೆಯುವ ಕೆಲಸ. ಸೀರೆ ಮಾಸುವುದಿಲ್ಲ, ಎದೆಗೆ ಧೂಳು ಇಳಿಯುವುದಿಲ್ಲ. ಆದರೆ ಕಣ್ಣು ಹಾಯಿಸಿದಷ್ಟೂ ಗಾಜು, ಮಾತಿಗೊಬ್ಬರಿಲ್ಲ. ಇನ್ನೊಬ್ಬ ಹೆಣ್ಣಾಳು ಬೇಕೆಂದು ಸೂಪರ್‌ವೈಸರ್ ಕಾಂತೇಶ ಹೇಳಿದ ದಿನ ಅವಳ ಮುಖ ಅರಳಿತು. "ನನ್ನ ಗೆಳತಿ ಅದಾಳ್ರಿ. ನಾನ ಹೋಗಿ ಕರಕೊಂಡು ಬರ್ತೀನಿ."

ರಜೆಯ ದಿನ ಸುರಪುರಕ್ಕೆ ಹೋದಳು. ಗೌಹರಬೇಗಂ ಮಗ ಶಹಬಾಜನ ಮನೆಯ ಅಂಗಳದಲ್ಲಿ ಹೊರಸಿನ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ದೇವಕಮ್ಮ ಬಾಗಿಲಲ್ಲೇ ನಿಂತು ಕೈಯೆತ್ತಿ, ಉಂಡೆಯಾ ಎಂದು ಸನ್ನೆ ಮಾಡಿದಳು. ಗೌಹರಬೇಗಂ ನಕ್ಕಳು.

"ಬಾಯಿಲೇ ಮಾತಾಡ, ದೇವಕಿ. ಶಹಬಾಜ ಕಿವಿ ಮಷೀನು ತಂದು ಹಾಕ್ಯಾನ. ಈಗ ಎಲ್ಲಾ ಕೇಳಸ್ತೈತಿ."

ದೇವಕಮ್ಮ ಹತ್ತಿರ ಕೂತು ಕೆಲಸದ ಸುದ್ದಿ ಹೇಳಿದಳು. ಧೂಳಿಲ್ಲ, ಊರಲ್ಲಿ ಇಬ್ಬರಿಗೂ ಸೇರಿ ಒಂದು ಖೋಲಿ ಹಿಡಿಯೋಣ, ಮೊದಲಿನ ಹಂಗ ಇರೋಣ. ಹೇಳುತ್ತಾ ಹೋದಂತೆ ಗೌಹರಬೇಗಂ ಕಿವಿಯ ಮೇಲೆ ಕೈ ಒತ್ತಿಕೊಂಡಳು.

"ಸಣ್ಣಗ ಹೇಳವ್ವಾ. ಕಿವ್ಯಾಗ ಗುಂಯ್ ಅಂತೈತಿ."

ದೇವಕಮ್ಮ ಕೂತಲ್ಲೇ ಸ್ವಲ್ಪ ಹಿಂದೆ ಸರಿದಳು.

"ನನ್ ಕೈಲೆ ಇನ್ನ ಕೆಲಸ ಆಗೂದಿಲ್ಲ," ಅಂದಳು ಗೌಹರಬೇಗಂ. ದೇವಕಮ್ಮನಿಗೆ ಕೇಳಲಿಲ್ಲ. ಗೌಹರಬೇಗಂ ಬಗ್ಗಿ ಇನ್ನೊಮ್ಮೆ ಹೇಳಿ, ಮುಂದುವರಿಸಿದಳು. "ಮೊಮ್ಮಗಳನ್ನ ಸಾಲಿಗೆ ಬಿಡೂದು, ಕರಕೊಂಡು ಬರೂದು ನಂದ ಐತಿ. ಇಲ್ಲೇ ಆರಾಮ ಅದೀನಿ."

"ಥರ್ಮಲ್ ನೆನಪಾಗೂದಿಲ್ಲೇನು, ಆಪಾ?"

"ಕೆಮ್ಮು-ಖಾಸಿ ಬಂದಾಗ ಅಷ್ಟ." ಇನ್ನೊಂದು ಬೆಳ್ಳುಳ್ಳಿ ಕೈಗೆತ್ತಿಕೊಂಡು ಕೇಳಿದಳು, "ನಿನಗ?"

"ನನಗೂ ಅಷ್ಟ," ಅಂದಳು ದೇವಕಮ್ಮ.

ಚಹಾ ಕುಡಿದು, ಸಂಜೆಯ ಬಸ್ಸಿಗೆ ಹೊರಟಳು. ಗೌಹರಬೇಗಂ ಬಾಗಿಲತನಕ ಬಂದು, ಒಂದು ಹಿಡಿ ಖರ್ಜೂರ ಅವಳ ಸೆರಗಿಗೆ ಕಟ್ಟಿದಳು. ಬಸ್ಸಿನಲ್ಲಿ ದೇವಕಮ್ಮ ಗಂಟು ಬಿಚ್ಚಲಿಲ್ಲ. ಮನೆಗೆ ಬಂದು ಎಲ್ಲವನ್ನೂ ಯಶೋಧರಾಳ ಕೈಗೆ ಕೊಟ್ಟಳು.

ಸ್ವಲ್ಪ ದಿನಕ್ಕೆ ಭೀಮವ್ವ ಎಂಬ ಹೊಸಬಳು ಕೆಲಸಕ್ಕೆ ಬಂದಳು. ಒಳ್ಳೆಯವಳೇ. ಬುತ್ತಿ ಬಿಚ್ಚಿದರೆ ಶೇಂಗಾ ಹಿಂಡಿ ಚಟ್ನಿಯನ್ನು ಮೊದಲು ದೇವಕಮ್ಮನ ರೊಟ್ಟಿಗೆ ಹಾಕುತ್ತಿದ್ದಳು. ಒಂದು ಮಧ್ಯಾಹ್ನ ಪ್ಲೇಟಿನ ನೆರಳಲ್ಲಿ ಕೂತಾಗ ಕೇಳಿದಳು, "ಮೊದಲ ಎಲ್ಲಿ ಕೆಲಸ ಮಾಡ್ತಿದ್ರಿ?"

"ಥರ್ಮಲ್‌ದಾಗ. ಬೆಲ್ಟಿನ ಕೆಳಗ."

"ಬೆಲ್ಟ್ ಅಂದ್ರ?"

ದೇವಕಮ್ಮ ಬಾಯಿ ತೆರೆದಳು. ಎಲ್ಲಿಂದ ಶುರು ಮಾಡಬೇಕೋ ತಿಳಿಯಲಿಲ್ಲ. ಎದುರಿಗೆ ತೊಳೆದ ಗಾಜಿನ ನೀರು ಆರುತ್ತಿತ್ತು.

"ಇರ್ಲಿ ಬಿಡು," ಅಂದಳು. "ರೊಟ್ಟಿ ಒಣಗತೈತಿ, ಉಣ್ಣು."